ಕೊನೆಯ ಬಾರಿ ಕುಡಿದದ್ದು ಯಾವಾಗ?

ವ್ಯಸನ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಒಬ್ಬ ವೈದ್ಯ ತಾಲ್ಲೂಕಿಗೆ ಏನು ಮಾಡಬಲ್ಲ? ಆ ತರಬೇತಿ ಎಷ್ಟು ಕಾಲ ಬಾಳುತ್ತದೆ?

ಸುಗ್ಗಿ ಬಂತೆಂದರೆ ಗಂಗಾವತಿಯ ರಸ್ತೆಗಳಲ್ಲಿ ಲಾರಿಗಳ ಸಾಲು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಭತ್ತ ಗದ್ದೆಯಿಂದ ಮಿಲ್ಲಿಗೆ ಬರುತ್ತದೆ, ಮಿಲ್ಲಿನಿಂದ ಸೋನಾ ಮಸೂರಿಯಾಗಿ ದೂರದ ಪೇಟೆಗಳಿಗೆ ಹೊರಡುತ್ತದೆ. ಈ ಪಯಣದ ಪ್ರತಿ ಹಂತದಲ್ಲೂ ಮೂಟೆ ಏರುವುದು, ಇಳಿಯುವುದು ಹಮಾಲರ ಬೆನ್ನಿನ ಮೇಲೆ. ದಿನವಿಡೀ ಹೊತ್ತ ಬೆನ್ನಿನ ನೋವಿಗೆ ಸಂಜೆಯ ‘ಕ್ವಾರ್ಟರ್’ ಔಷಧಿಯಾಗುವುದು ಈ ಊರೊಂದರ ಕಥೆಯೇನೂ ಅಲ್ಲ. ದುಡಿಮೆಯ ಊರುಗಳಲ್ಲೆಲ್ಲ ನಡೆದು ಬಂದದ್ದೇ.

ಇಂಥ ಒಬ್ಬ ಹಮಾಲ ಮೂಟೆ ಜಾರಿ ಕಾಲು ಮುರಿದುಕೊಂಡನೆಂದು ಭಾವಿಸೋಣ. ಹತ್ತಿರದ ಆಸ್ಪತ್ರೆಗೆ ಸೇರಿಸುತ್ತಾರೆ. ಎಕ್ಸ್‌ರೇ ಆಗುತ್ತದೆ, ಕಟ್ಟು ಬೀಳುತ್ತದೆ. ಮೊದಲ ದಿನ ಸುಸೂತ್ರ. ಎರಡನೇ ದಿನ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ರೆಯಿಲ್ಲ. ಮೂರನೇ ದಿನ ರಾತ್ರಿ ಆತ ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗುತ್ತಾನೆ, ಹೆಂಡತಿಯ ಗುರುತು ಹಿಡಿಯುವುದಿಲ್ಲ, ಮುರಿದ ಕಾಲಿನಲ್ಲೇ ಎದ್ದು ಓಡಲು ನೋಡುತ್ತಾನೆ. ‘ಗಾಳಿ ಸೋಕಿದೆ’ ಎನ್ನುತ್ತಾಳೆ ತಾಯಿ. ‘ತಲೆ ಕೆಟ್ಟಿದೆ’ ಎನ್ನುತ್ತಾನೆ ಪಕ್ಕದ ಹಾಸಿಗೆಯವನು.

ಎರಡೂ ಅಲ್ಲ. ಆತನಿಗೆ ಆಗಿರುವುದು, ವರ್ಷಗಟ್ಟಲೆ ದಿನವೂ ಒಳಗೆ ಹೋಗುತ್ತಿದ್ದ ಮದ್ಯ ಥಟ್ಟನೆ ನಿಂತುಹೋದದ್ದು. ವೈದ್ಯಕೀಯದಲ್ಲಿ ಇದಕ್ಕೆ ‘ಡೆಲಿರಿಯಂ ಟ್ರೆಮೆನ್ಸ್’ ಎಂದು ಹೆಸರು. ಕಾಲು ಮುರಿದು ಯಾರೂ ಸಾಮಾನ್ಯವಾಗಿ ಸಾಯುವುದಿಲ್ಲ. ಆದರೆ ಇದರಿಂದ ಸಾಯಬಹುದು.

ಆಸ್ಪತ್ರೆಗೆ ಬಂದ ಮೊದಲ ದಿನವೇ ವೈದ್ಯರು ಒಂದು ಪ್ರಶ್ನೆ ಕೇಳಿದ್ದರೆ ಮೂರನೇ ರಾತ್ರಿಯ ಈ ರಂಪವನ್ನು ಬಹುಮಟ್ಟಿಗೆ ತಪ್ಪಿಸಬಹುದಿತ್ತು. ‘ಕೊನೆಯ ಬಾರಿ ಕುಡಿದದ್ದು ಯಾವಾಗ?’ ಎಂಬುದೇ ಆ ಪ್ರಶ್ನೆ. ‘ಯಾಕೆ ಕುಡೀತೀಯ?’ ಎಂದು ಗದರುವವರು ಊರ ತುಂಬ ಇದ್ದಾರೆ. ಯಾವಾಗ ಕುಡಿದೆ, ಎಷ್ಟು ಕುಡಿದೆ ಎಂದು ಗದರದೆ ಕೇಳಿ, ಉತ್ತರದಿಂದ ಮುಂದಿನ ನಾಲ್ಕು ದಿನಗಳ ಲೆಕ್ಕ ಹಾಕಬಲ್ಲವರು ಕಡಿಮೆ. ವ್ಯಸನ ವೈದ್ಯಶಾಸ್ತ್ರದ ತರಬೇತಿ ಒಬ್ಬ ಸಾಮಾನ್ಯ ವೈದ್ಯನಲ್ಲಿ ತರುವ ಮೊದಲ ಬದಲಾವಣೆ ಈ ಪ್ರಶ್ನೆಯೇ.

ನಾಲ್ಕು ದಿನಗಳ ಲೆಕ್ಕ

ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ವಸ್ತು. ದಿನವೂ ಅದು ಬರುತ್ತಿದ್ದರೆ ಮಿದುಳು ತನ್ನ ಓಟವನ್ನು ಹೆಚ್ಚಿಸಿಕೊಂಡು ಸಮತೋಲ ಕಾಯ್ದುಕೊಳ್ಳುತ್ತದೆ. ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸುವವನು ಆಕ್ಸಿಲರೇಟರನ್ನು ಹೆಚ್ಚು ತುಳಿದಂತೆ ಇದು. ಬ್ರೇಕ್ ಏಕಾಏಕಿ ಬಿಟ್ಟರೆ ಗಾಡಿ ಮುನ್ನುಗ್ಗುತ್ತದೆ. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಗಳಲ್ಲಿ ನಡುಕ, ಬೆವರು, ವಾಂತಿ. 12ರಿಂದ 48 ಗಂಟೆಗಳ ನಡುವೆ ಕೆಲವರಿಗೆ ಫಿಟ್ಸ್. 48ರಿಂದ 96 ಗಂಟೆಗಳಲ್ಲಿ, ಅಂದರೆ ಎರಡರಿಂದ ನಾಲ್ಕನೇ ದಿನದೊಳಗೆ, ಇನ್ನೂ ಕೆಲವರಿಗೆ ಸನ್ನಿ. ಹಿಂದೆ ತಕ್ಕ ಚಿಕಿತ್ಸೆ ಇಲ್ಲದಿದ್ದಾಗ ಸನ್ನಿ ಹಿಡಿದ ಮೂವರಲ್ಲಿ ಒಬ್ಬರವರೆಗೂ ಸಾಯುತ್ತಿದ್ದರು. ಸಕಾಲದ ಚಿಕಿತ್ಸೆಯಿಂದ ಈ ಪ್ರಮಾಣ ಶೇ 5ಕ್ಕಿಂತ ಕೆಳಗಿಳಿದಿದೆ.

ಆ ಚಿಕಿತ್ಸೆ ದುಬಾರಿಯೇ? ಅಲ್ಲ. ಬೇಕಾದದ್ದು ಡಯಾಜಿಪಾಮ್ ಅಥವಾ ಕ್ಲೋರ್‌ಡಯಾಜಿಪಾಕ್ಸೈಡ್, ಯಕೃತ್ತು ಕೆಟ್ಟಿದ್ದರೆ ಲೋರಾಜಿಪಾಮ್, ಜೊತೆಗೆ ಥಯಾಮಿನ್ ಎಂಬ ಬಿ-1 ಜೀವಸತ್ವದ ಚುಚ್ಚುಮದ್ದು. ಎಲ್ಲವೂ ಹಳೆಯ, ಅಗ್ಗದ ಔಷಧಿಗಳು. ಆದರೆ ಕ್ರಮ ತಿಳಿದಿರಬೇಕು. ಸುಸ್ತಾಗಿ ಬಂದ ರೋಗಿಗೆ ಗ್ಲೂಕೋಸ್ ಬಾಟಲಿ ಏರಿಸುವುದು ನಮ್ಮಲ್ಲಿ ಸಾಮಾನ್ಯ. ಜನರೂ ಅದನ್ನೇ ಕೇಳುತ್ತಾರೆ. ಬಹುಕಾಲ ಕುಡಿದು, ಊಟ ಬಿಟ್ಟವನ ಶರೀರದಲ್ಲಿ ಥಯಾಮಿನ್ ಬತ್ತಿರುತ್ತದೆ. ಗ್ಲೂಕೋಸನ್ನು ಅರಗಿಸಲು ಶರೀರಕ್ಕೆ ಬೇಕಾದದ್ದು ಇದೇ ಥಯಾಮಿನ್. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಷ್ಟೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಜರ್ಮನಿಯ ಕಾರ್ಲ್ ವೆರ್ನಿಕೆ 1881ರಲ್ಲೇ ವಿವರಿಸಿದ ರೋಗವಿದು. ಕಣ್ಣಿನ ಚಲನೆ ತಪ್ಪುತ್ತದೆ, ನಡಿಗೆ ತೂರಾಡುತ್ತದೆ, ಬುದ್ಧಿ ಮಂಕಾಗುತ್ತದೆ. ಹಾಗೆಯೇ ಬಿಟ್ಟರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಮೊದಲು ಥಯಾಮಿನ್, ಆಮೇಲೆ ಗ್ಲೂಕೋಸ್ ಎಂಬ ಒಂದು ಸಾಲಿನ ಪಾಠ ಒಬ್ಬನ ಜೀವನದ ನೆನಪುಗಳನ್ನೇ ಉಳಿಸಬಲ್ಲದು.

ಪರೀಕ್ಷೆಗೆ ಬರದ ಪಾಠ

ಇಷ್ಟು ಸರಳವಾದದ್ದು ಎಲ್ಲ ವೈದ್ಯರಿಗೂ ರೂಢಿಯಲ್ಲಿ ಏಕಿಲ್ಲ? ಕಾರಣ ವೈದ್ಯಕೀಯ ಶಿಕ್ಷಣದ ರಚನೆಯಲ್ಲಿದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂ.ಬಿ.ಬಿ.ಎಸ್. ಕೋರ್ಸಿನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಸಿಗುವುದು ಕೆಲವೇ ವಾರಗಳು. ಅಂತಿಮ ಪರೀಕ್ಷೆಯಲ್ಲಿ ಅದಕ್ಕೆ ಪ್ರತ್ಯೇಕ ವಿಷಯದ ಸ್ಥಾನವಿಲ್ಲ. ವ್ಯಸನ ಆ ಕೆಲವು ವಾರಗಳ ಒಂದು ಮೂಲೆ. ಪರೀಕ್ಷೆಗೆ ಬರದ್ದನ್ನು ವಿದ್ಯಾರ್ಥಿ ಎಷ್ಟು ಓದುತ್ತಾನೆಂಬುದು ಹೆತ್ತವರಿಗೂ ಗೊತ್ತು, ಮೇಷ್ಟರಿಗೂ ಗೊತ್ತು.

ಹೊರಗಿನ ಅಂಕಿಗಳು ಮಾತ್ರ ಬೇರೆಯೇ ಕಥೆ ಹೇಳುತ್ತವೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದ್ಯದ ತೊಂದರೆಗೆ ಸಿಲುಕಿದ ನೂರು ಜನರಲ್ಲಿ 86 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ, ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ ಎಂದು ಅಂದಾಜು ಮಾಡಿತು. ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಬಗೆಯ ಚಿಕಿತ್ಸೆ ದಕ್ಕಿತ್ತು. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಇಲ್ಲದ ದೇಶದಲ್ಲಿ ಉಳಿದ 37 ಮಂದಿಯನ್ನು ನೋಡುವವರು ಯಾರು? ಅವರು ಯಾರ ಬಳಿಯೂ ಹೋಗುವುದಿಲ್ಲವೆಂದಲ್ಲ. ಹೊಟ್ಟೆನೋವು, ಕಾಮಾಲೆ, ಬಿದ್ದ ಗಾಯ, ನಿದ್ರೆ ಇಲ್ಲ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಬಂದೇ ಬರುತ್ತಾರೆ. ಗಾಯಕ್ಕೆ ಪಟ್ಟಿ ಬೀಳುತ್ತದೆ, ಗಾಯದ ಮೂಲ ಹಾಗೇ ಮನೆಗೆ ಹೋಗುತ್ತದೆ.

ಈ ಸೀಮೆಯ ಹೆಣ್ಣುಮಕ್ಕಳು ಕುಡಿತದ ವಿರುದ್ಧ ಸುಮ್ಮನೆ ಕುಳಿತವರಲ್ಲ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋದರೂ ಕುಡಿತ ಹೋಗದಾಗ, 2019ರ ಜನವರಿಯಲ್ಲಿ ರಾಯಚೂರು, ಕೊಪ್ಪಳ ಮುಂತಾದ ಜಿಲ್ಲೆಗಳ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಅಂಗಡಿ ಇರಬೇಕೇ ಬೇಡವೇ ಎಂಬುದು ಸರ್ಕಾರ ಉತ್ತರಿಸಬೇಕಾದ ಪ್ರಶ್ನೆ. ಈಗಾಗಲೇ ಅಂಟಿಕೊಂಡವನನ್ನು ಬಿಡಿಸುವುದು ಹೇಗೆಂಬುದಕ್ಕೆ ಉತ್ತರಿಸಬೇಕಾದವರು ವೈದ್ಯರು.

ನದಿಯಾಚೆಯ ಪ್ರಯೋಗ

ಸಾಮಾನ್ಯ ವೈದ್ಯರಿಗೆ ಮನಸ್ಸಿನ ಕಾಯಿಲೆಗಳ ಚಿಕಿತ್ಸೆ ಕಲಿಸಬಹುದೇ? ಈ ಪ್ರಶ್ನೆಗೆ ದೇಶಕ್ಕೇ ಉತ್ತರ ಕೊಟ್ಟ ಪ್ರಯೋಗ ನಡೆದದ್ದು ಗಂಗಾವತಿಗೆ ಕೂಗಳತೆಯಲ್ಲಿ. ಕಂಪ್ಲಿಯ ಬಳಿ ತುಂಗಭದ್ರೆ ದಾಟಿದರೆ ಬಳ್ಳಾರಿ ಜಿಲ್ಲೆ. 1980ರ ದಶಕದ ನಡುವೆ ನಿಮ್ಹಾನ್ಸ್ ಈ ಜಿಲ್ಲೆಯನ್ನು ಆರಿಸಿಕೊಂಡಿತು. ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಅದಕ್ಕೂ ಹತ್ತು ವರ್ಷ ಮೊದಲೇ ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿದ್ದನ್ನು ಇಲ್ಲಿ ಇಡೀ ಜಿಲ್ಲೆಗೆ ಹಬ್ಬಿಸಲಾಯಿತು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಕನ್ನಡದ ಓದುಗರಿಗೆ ತಮ್ಮ ಪುಸ್ತಕಗಳಿಂದ ಚಿರಪರಿಚಿತರಾದ ಡಾ. ಸಿ.ಆರ್. ಚಂದ್ರಶೇಖರ್ ಮೊದಲಾದವರು ವೈದ್ಯಾಧಿಕಾರಿಗಳಿಗೆಂದೇ ಕೈಪಿಡಿ ಬರೆದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಿರು ತರಬೇತಿ, ಕೇಂದ್ರಗಳಿಗೆ ಆಯ್ದ ಕೆಲವು ಔಷಧಿ, ಸರಳ ದಾಖಲೆ ಪುಸ್ತಕ, ಜಿಲ್ಲಾ ಕೇಂದ್ರದಲ್ಲಿ ಬೆಂಬಲಕ್ಕೊಂದು ತಂಡ: ಯೋಜನೆ ಇಷ್ಟೇ.

ಆಗ ಒತ್ತು ಇದ್ದದ್ದು ತೀವ್ರ ಮನೋರೋಗ, ಅಪಸ್ಮಾರ, ಖಿನ್ನತೆಗಳ ಮೇಲೆ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಇದರ ಆಧಾರದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಗಂಗಾವತಿ ಆಗಿನ್ನೂ ರಾಯಚೂರು ಜಿಲ್ಲೆಯ ತಾಲ್ಲೂಕು. ಕೊಪ್ಪಳ ಜಿಲ್ಲೆಯಾದದ್ದು ಆಮೇಲೆ. ಸಕ್ಕರೆ ಕಾಯಿಲೆ, ಜ್ವರ ನೋಡುವ ವೈದ್ಯನೇ ಮನಸ್ಸಿನ ಕಾಯಿಲೆಯನ್ನೂ ನೋಡಬಲ್ಲ ಎಂಬುದು ಬಳ್ಳಾರಿಯಲ್ಲಿ ಸಿದ್ಧವಾಗಿತ್ತು.

ಉಳಿದದ್ದು, ಅಳಿದದ್ದು

ಆದರೆ ಅದೇ ಕಾರ್ಯಕ್ರಮ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿದಾಗ ಇನ್ನೊಂದು ಪಾಠವೂ ಸಿಕ್ಕಿತು. ಕಾರ್ಯಕ್ರಮವನ್ನು ಪರಿಶೀಲಿಸಿದವರು ಮತ್ತೆ ಮತ್ತೆ ಎತ್ತಿ ತೋರಿಸಿದ ದೋಷಗಳು ಹೊಸವೇನಲ್ಲ. ತರಬೇತಾದ ವೈದ್ಯರಿಗೆ ವರ್ಗವಾಗುತ್ತದೆ. ಬಂದವರು ತರಬೇತಿ ಪಡೆದಿರುವುದಿಲ್ಲ. ಔಷಧಿ ತಿಂಗಳುಗಟ್ಟಲೆ ಬರುವುದಿಲ್ಲ. ಕಲಿತದ್ದನ್ನು ಬಳಸುವಾಗ ಅನುಮಾನ ಬಂದರೆ ಕೇಳಲು ಯಾರೂ ಇರುವುದಿಲ್ಲ. ಈಜು ಕಲಿಸಿ ಮರಳುಗಾಡಿಗೆ ಕಳಿಸಿದಂತೆ ಇದು. ಕೆಲವು ದಿನಗಳ ಶಿಬಿರ, ಒಂದು ಪ್ರಮಾಣಪತ್ರ, ಒಂದು ಗುಂಪು ಛಾಯಾಚಿತ್ರ ಇವಿಷ್ಟೇ ಆದರೆ ಕಲಿಕೆ ಬೇಗ ಮಾಸುತ್ತದೆ.

ವ್ಯಸನದ ವಿಷಯದಲ್ಲಿ ಈ ಮಾಸುವಿಕೆಗೆ ಮತ್ತೊಂದು ಕಾರಣವಿದೆ. ಮಲೇರಿಯಾ ರೋಗಿಗೆ ಮತ್ತೆ ಜ್ವರ ಬಂದರೆ ವೈದ್ಯ ಅವನ ಮೇಲೆ ಸಿಟ್ಟಾಗುವುದಿಲ್ಲ. ಕುಡಿತ ಬಿಟ್ಟವನು ಮೂರು ತಿಂಗಳಿಗೆ ಮತ್ತೆ ಕುಡಿದು ಬಂದರೆ ‘ಇವನ ಹಣೆಬರಹವೇ ಇಷ್ಟು’ ಎನಿಸುತ್ತದೆ. ಒಂದೆರಡು ಸಲ ಹೀಗಾದರೆ ವೈದ್ಯನೇ ಕೈಚೆಲ್ಲುತ್ತಾನೆ. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ, ರಕ್ತದೊತ್ತಡ ಏರಿಳಿದಂತೆಯೇ ಇದೂ, ಪ್ರತಿ ಬಿಡುವಿನ ತಿಂಗಳೂ ಯಕೃತ್ತಿಗೆ, ಸಂಸಾರಕ್ಕೆ ಲಾಭವೇ ಎಂಬ ನೋಟ ಪುಸ್ತಕದಿಂದ ಬರುವುದಿಲ್ಲ. ಚೇತರಿಸಿಕೊಂಡವರನ್ನು ಕಣ್ಣಾರೆ ಕಂಡಾಗ ಬರುತ್ತದೆ. ದೊಡ್ಡ ಕೇಂದ್ರಗಳಲ್ಲಿ ಕೆಲವು ದಿನ ಕಳೆದ ವೈದ್ಯರಿಗೆ ಸಿಗುವ ದೊಡ್ಡ ಲಾಭ ಇದೇ ಎನ್ನಲಡ್ಡಿಯಿಲ್ಲ. ಔಷಧಿಯ ಪ್ರಮಾಣ ಮರೆತರೆ ಕೈಪಿಡಿ ತೆರೆದು ನೋಡಬಹುದು. ರೋಗಿಯನ್ನು ನೋಡುವ ಕಣ್ಣು ಒಮ್ಮೆ ಬದಲಾದರೆ ಹಿಂದಕ್ಕೆ ಹೋಗುವುದು ಅಪರೂಪ.

ಪರದೆಯ ಮೇಲಿನ ಪಾಠಶಾಲೆ

ಕಲಿತದ್ದು ಮಾಸದಂತೆ ಮಾಡುವ ಉಪಾಯವೊಂದು ದೂರದ ಅಮೆರಿಕದಿಂದ ಬಂತು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಭಾರತ ಮೂಲದ ವೈದ್ಯ ಡಾ. ಸಂಜೀವ್ ಅರೋರಾ ಯಕೃತ್ತಿನ ಹೆಪಟೈಟಿಸ್-ಸಿ ರೋಗದ ತಜ್ಞರು. ಹಳ್ಳಿಗಳ ರೋಗಿಗಳು ಅವರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಿತ್ತು, ನೂರಾರು ಮೈಲಿ ಬರಬೇಕಿತ್ತು. ರೋಗಿಗಳನ್ನು ಕರೆಸುವ ಬದಲು ಹಳ್ಳಿಯ ವೈದ್ಯರನ್ನೇ ತಯಾರು ಮಾಡಿದರೆ? 2003ರಲ್ಲಿ ‘ಎಕೋ’ ಎಂಬ ಯೋಜನೆ ಹೀಗೆ ಹುಟ್ಟಿತು. ವಾರಕ್ಕೊಮ್ಮೆ ವಿಡಿಯೊ ಮೂಲಕ ಎಲ್ಲರೂ ಸೇರುತ್ತಾರೆ. ಹಳ್ಳಿಯ ವೈದ್ಯ ತನ್ನ ರೋಗಿಯ ಸಮಸ್ಯೆಯನ್ನು ಹೆಸರು ಹೇಳದೆ ಮುಂದಿಡುತ್ತಾನೆ. ತಜ್ಞರೂ ಇತರ ವೈದ್ಯರೂ ಚರ್ಚಿಸುತ್ತಾರೆ. ಚಿಕಿತ್ಸೆ ಕೊಡುವವನು ಮಾತ್ರ ಹಳ್ಳಿಯ ವೈದ್ಯನೇ. 2011ರಲ್ಲಿ ಪ್ರಕಟವಾದ ಫಲಿತಾಂಶ ಹಲವರ ಹುಬ್ಬೇರಿಸಿತು. ವಿಶ್ವವಿದ್ಯಾಲಯದ ತಜ್ಞರ ಬಳಿ ಗುಣವಾದವರು ಶೇ 57.5, ಹಳ್ಳಿ-ಜೈಲುಗಳ ಸಾಮಾನ್ಯ ವೈದ್ಯರ ಬಳಿ ಗುಣವಾದವರು ಶೇ 58.2.

ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಈ ದಾರಿಯನ್ನು ಮದ್ಯ, ತಂಬಾಕು, ಮಾದಕ ವಸ್ತುಗಳ ಚಿಕಿತ್ಸೆಗೆ ಅಳವಡಿಸಿಕೊಂಡು ‘ವರ್ಚುವಲ್ ನಾಲೆಜ್ ನೆಟ್‌ವರ್ಕ್’ ಕಟ್ಟಿತು. ಜಿಲ್ಲೆ-ತಾಲ್ಲೂಕುಗಳ ವೈದ್ಯರು ತಮ್ಮ ಆಸ್ಪತ್ರೆ ಬಿಡದೆ ಮೊಬೈಲು, ಕಂಪ್ಯೂಟರುಗಳಲ್ಲಿ ತಜ್ಞರೊಡನೆ ತಿಂಗಳುಗಟ್ಟಲೆ ಕಲಿಯುವ ವ್ಯವಸ್ಥೆ ಇದು. ಬೆಂಗಳೂರು ಗಂಗಾವತಿಗೆ ಒಂದು ರಾತ್ರಿಯ ಪ್ರಯಾಣದಷ್ಟು ದೂರ. ಸಂಕಟದಲ್ಲಿರುವ ಸಂಸಾರಕ್ಕೆ ಅದು ಕೂಲಿ ಕಳೆದುಕೊಳ್ಳುವ ದೂರವೂ ಹೌದು. ರೋಗಿಯ ಬದಲು ಅನುಭವವೇ ಪ್ರಯಾಣ ಮಾಡಿದರೆ ಆ ಕೂಲಿ ಉಳಿಯುತ್ತದೆ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಯೋಜನೆಯಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಪರಿಪಾಠ ಶುರುವಾದದ್ದೂ ಇದೇ ಉದ್ದೇಶದಿಂದ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416 ಸಂಖ್ಯೆಯಲ್ಲಿ ಸಾಮಾನ್ಯ ಜನರಿಗೂ ಲಭ್ಯ.

ಲಾಕ್‌ಡೌನ್ ಇಟ್ಟ ಪರೀಕ್ಷೆ

ಈ ತರಬೇತಿ ಏಕೆ ಬೇಕೆಂಬುದಕ್ಕೆ 2020 ಇಡೀ ದೇಶಕ್ಕೇ ಪರೀಕ್ಷೆ ಇಟ್ಟಿತು. ಕೋವಿಡ್ ಲಾಕ್‌ಡೌನಿನಿಂದ ಮಾರ್ಚ್ ಕೊನೆಯ ವಾರ ಮದ್ಯದಂಗಡಿಗಳೆಲ್ಲ ಒಮ್ಮೆಲೇ ಮುಚ್ಚಿದವು. ಲಕ್ಷಾಂತರ ಜನ ಒಂದೇ ದಿನ, ಯಾವ ಸಿದ್ಧತೆಯೂ ಇಲ್ಲದೆ, ಕುಡಿತ ನಿಲ್ಲಿಸಬೇಕಾಯಿತು. ಬೆಂಗಳೂರಿನ ಆಸ್ಪತ್ರೆಗಳಿಗೆ ತೀವ್ರ ಹಿಂತೆಗೆತದಿಂದ ಬರುವವರ ಸಂಖ್ಯೆ ಕೆಲವೇ ದಿನಗಳಲ್ಲಿ ಇಮ್ಮಡಿಯಾಯಿತೆಂದು ಅಲ್ಲಿನ ವೈದ್ಯರು ಪ್ರಕಟಿಸಿದರು. ನೆರೆಯ ಕೇರಳದಲ್ಲಿ ಸರ್ಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಹೊರಟು, ಹೈಕೋರ್ಟು ಏಪ್ರಿಲ್ 2ರಂದು ಅದಕ್ಕೆ ತಡೆ ಹಾಕಿತು. ಮದ್ಯವನ್ನೇ ಔಷಧಿಯೆಂದು ಬರೆಯಲು ವೈದ್ಯರು ಒಪ್ಪಲಿಲ್ಲ. ಕೈಯಲ್ಲಿ ಸರಿಯಾದ ಔಷಧಿ ಇತ್ತು. ಬೇಕಿದ್ದದ್ದು ಅದನ್ನು ಧೈರ್ಯವಾಗಿ, ಸರಿಯಾದ ಪ್ರಮಾಣದಲ್ಲಿ ಕೊಡಬಲ್ಲ ವೈದ್ಯರು ಪ್ರತಿ ತಾಲ್ಲೂಕಿನಲ್ಲೂ ಇರುವುದು.

ಮನೆಯವರು ತಿಳಿಯಬೇಕಾದದ್ದು

ಹೆತ್ತವರಿಗೂ ಬಂಧುಗಳಿಗೂ ಇದರಲ್ಲಿ ಪಾಠವಿದೆ. ಬೆಳಿಗ್ಗೆ ಎದ್ದೊಡನೆ ಕೈನಡುಕ ನಿಲ್ಲಲು ಕುಡಿಯಬೇಕಾದವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ದೇವರ ಮೇಲೆ ಆಣೆಯಿಟ್ಟು ಒಂದೇ ದಿನ ನಿಲ್ಲಿಸುವುದು ಅಪಾಯ. ಸಂಕಲ್ಪ ಒಳ್ಳೆಯದೇ. ಅದರ ಜೊತೆ ವೈದ್ಯರೂ ಇರಲಿ. ಯಾವುದೇ ಶಸ್ತ್ರಚಿಕಿತ್ಸೆಗೆ, ಅಪಘಾತಕ್ಕೆ ಆಸ್ಪತ್ರೆ ಸೇರಿಸುವಾಗ ಮರ್ಯಾದೆಗಂಜಿ ಕುಡಿತದ ವಿಷಯ ಮುಚ್ಚಿಡಬಾರದು.

‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ’ಯ ಜಾಹೀರಾತುಗಳನ್ನು ನಂಬಬಾರದು. 1940ರ ದಶಕದಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಗುರುತಿಸಿದ ಡೈಸಲ್ಫಿರಾಮ್ ಎಂಬ ಮಾತ್ರೆ ತೆಗೆದುಕೊಂಡವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು ಕೊಡುವ ಔಷಧಿ ಅದು. ಕದ್ದು ಬೆರೆಸಿದರೆ ಪ್ರಾಣಕ್ಕೇ ಸಂಚಕಾರ. ಕಟ್ಟಿಹಾಕಿ, ಹೊಡೆದು ‘ಸರಿಮಾಡುವ’ ಕೇಂದ್ರಗಳಿಂದಲೂ ದೂರವಿರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ-ಮಾದಕ ವಸ್ತುಗಳಿಂದಾದ ಮಾನಸಿಕ ತೊಂದರೆಯನ್ನೂ ಕಾಯಿಲೆಯೆಂದೇ ಪರಿಗಣಿಸಿ, ರೋಗಿಗೆ ಘನತೆಯ ಚಿಕಿತ್ಸೆಯ ಹಕ್ಕನ್ನು ಕೊಟ್ಟಿದೆ.

ವಿದ್ಯಾರ್ಥಿಗಳಿಗೊಂದು ದಾರಿ

ಪಿ.ಯು.ಸಿ. ಮುಗಿಸಿ ವೈದ್ಯರಾಗುವ ಕನಸು ಕಾಣುವ ಈ ಭಾಗದ ಮಕ್ಕಳಿಗೆ ಕೊಪ್ಪಳದಲ್ಲೇ 2015ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ವ್ಯಸನ ಚಿಕಿತ್ಸೆಯಲ್ಲೇ ತಜ್ಞರಾಗಬೇಕೆನ್ನುವವರು ಎಂ.ಬಿ.ಬಿ.ಎಸ್. ನಂತರ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಿ, ನಿಮ್ಹಾನ್ಸ್, ಏಮ್ಸ್‌ನಂಥ ಸಂಸ್ಥೆಗಳಲ್ಲಿ ಮೂರು ವರ್ಷದ ಡಿ.ಎಂ. ಪದವಿ ಪಡೆಯಬಹುದು. ವೈದ್ಯರೇ ಆಗಬೇಕೆಂದೂ ಇಲ್ಲ. ಮನಶ್ಶಾಸ್ತ್ರ, ಸಮಾಜಕಾರ್ಯ, ನರ್ಸಿಂಗ್ ಓದಿದವರಿಗೂ ಇಲ್ಲಿ ಕೆಲಸ ಬಹಳ. ಸಂಸಾರದೊಡನೆ ಕುಳಿತು ಮಾತಾಡುವ ಆಪ್ತಸಲಹೆಗಾರರಿಲ್ಲದೆ ಬರೀ ಮಾತ್ರೆಯಿಂದ ವ್ಯಸನ ಬಿಡುವುದು ಕಷ್ಟ.

ಆದರೆ ತಜ್ಞರಾಗದ ವಿದ್ಯಾರ್ಥಿಗಳಿಗೇ ಈ ಪಾಠ ಹೆಚ್ಚು ಬೇಕು. ಮೂಳೆ ವೈದ್ಯರಾಗಲಿ, ಹೆರಿಗೆ ವೈದ್ಯರಾಗಲಿ, ಹಳ್ಳಿಯ ಕ್ಲಿನಿಕ್ಕಿನ ವೈದ್ಯರಾಗಲಿ, ವ್ಯಸನಿ ಅವರ ಮುಂದೆ ಬಂದೇ ಬರುತ್ತಾನೆ. ತಂಬಾಕು ಬಿಡುವಂತೆ ವೈದ್ಯರು ಎರಡು ಮಾತು ಹೇಳಿದರೂ ನೂರಕ್ಕೆ ಒಬ್ಬರಿಂದ ಮೂವರು ಹೆಚ್ಚಾಗಿ ಬಿಡುತ್ತಾರೆಂದು ಹಲವು ಅಧ್ಯಯನಗಳು ತೋರಿಸಿವೆ. ದಿನಕ್ಕೆ ನೂರು ರೋಗಿಗಳನ್ನು ನೋಡುವ ತಾಲ್ಲೂಕು ವೈದ್ಯರ ವೃತ್ತಿ ಜೀವನದಲ್ಲಿ ಇದು ಎಷ್ಟು ಮನೆಗಳಾದೀತು ಎಂಬ ಲೆಕ್ಕವನ್ನು ಗಣಿತ ಬಲ್ಲ ಮಕ್ಕಳೇ ಹಾಕಿಕೊಳ್ಳಬಹುದು.

ಆ ಹಮಾಲನ ಕಥೆಗೆ ಇನ್ನೊಂದು ಮುಕ್ತಾಯವೂ ಸಾಧ್ಯ. ಕಾಲಿಗೆ ಕಟ್ಟು ಹಾಕುತ್ತಲೇ ಯುವ ವೈದ್ಯೆ ಮೆಲ್ಲಗೆ ಆ ಪ್ರಶ್ನೆ ಕೇಳುತ್ತಾಳೆ. ‘ನಿನ್ನೆ ಸಂಜಿ ಕುಡ್ದಿದ್ದೆ ಅವ್ವಾ’ ಎನ್ನುತ್ತಾನೆ ಆತ. ಆಕೆ ಗದರುವುದಿಲ್ಲ. ಗ್ಲೂಕೋಸಿಗೆ ಮೊದಲು ಥಯಾಮಿನ್ ಬರೆಯುತ್ತಾಳೆ, ರಾತ್ರಿಯ ನರ್ಸಿಗೆ ನಾಡಿ ನೋಡುತ್ತಿರಲು ಹೇಳುತ್ತಾಳೆ. ಮೂರನೇ ರಾತ್ರಿ ವಾರ್ಡಿನಲ್ಲಿ ಗಲಾಟೆಯಿಲ್ಲ. ಆತ ನಿದ್ರೆ ಮಾಡುತ್ತಿರುತ್ತಾನೆ, ಪಕ್ಕದಲ್ಲಿ ಹೆಂಡತಿಯೂ.